ಲಂಡನ್ ಟ್ಯೂಬ್ ರೈಲಿನ ಮೈಕು: ಎಲ್ಲರನ್ನೂ ಸೇರಿಸಿ ಕರೆಯುವ ರೀತಿ

ಲಂಡನ್ನಿನ ಟ್ಯೂಬ್, ಅಂದರೆ ನೆಲದಡಿಯ ಮೆಟ್ರೋ ರೈಲಿನ ಟಿಕೆಟ್ ದರ, ಅದರ ಸೆಂಟ್ರಲ್ ಲೈನ್ ಅನ್ನೋ ಮಾರ್ಗದ ಸೆಕೆ, ಸಂಜೆಯ ನೂಕುನುಗ್ಗಲು ಇವುಗಳ ಬಗ್ಗೆ ಬರೆದವರು ಬೇಕಾದಷ್ಟು ಜನ ಇದ್ದಾರೆ. ನಾನು ಬರೀತಿರೋದು ಅಲ್ಲಿನ ಮೈಕಿನ ಬಗ್ಗೆ. ಪ್ರಯಾಣಿಕರನ್ನು ಅದು ಏನಂತ ಕರೆಯುತ್ತೆ ಅನ್ನೋದರ ಬಗ್ಗೆ.

ಮೊದಲೆಲ್ಲ ಡ್ರೈವರ್ ಆಗಲಿ ಸ್ಟೇಷನ್ ಸಿಬ್ಬಂದಿ ಆಗಲಿ 'ಲೇಡೀಸ್ ಅಂಡ್ ಜೆಂಟಲ್‌ಮೆನ್' ಅಂತಲೇ ಮಾತು ಶುರು ಮಾಡುವುದು ವಾಡಿಕೆ. 2017ರ ಜುಲೈನಲ್ಲಿ ಟ್ಯೂಬ್ ನಡೆಸುವ ಟ್ರಾನ್ಸ್‌ಪೋರ್ಟ್ ಫಾರ್ ಲಂಡನ್ ಸಂಸ್ಥೆ ಇದನ್ನು ಬದಲಾಯಿಸಿತು. 'ಗುಡ್ ಮಾರ್ನಿಂಗ್ ಎವ್ರಿವನ್' ಅನ್ನಿ ಅಂತ ಸಿಬ್ಬಂದಿಗೆ ಹೇಳಿತು. ತಮ್ಮನ್ನು ಗಂಡು ಅಂತಲೂ ಹೆಣ್ಣು ಅಂತಲೂ ಹೇಳಿಕೊಳ್ಳದವರು ಆ ಮಾತಿನಿಂದ ಹೊರಗೆ ಉಳಿಯಬಾರದು ಅನ್ನೋದು ಕಾರಣ. ಆಗ ಮರ್ಯಾದೆಯೇ ಹೋಯಿತು ಅಂತ ಬೇಜಾರು ಮಾಡಿಕೊಂಡವರೂ ಇದ್ದರು. ನನಗೆ ಹಾಗೆ ಅನ್ನಿಸಿಲ್ಲ. ಸಿಗ್ನಲ್ ಕೆಂಪಾಗಿ ರೈಲು ಸುರಂಗದಲ್ಲಿ ನಿಂತಾಗ ನಮಗೆ ಬೇಕಾದದ್ದು ಎರಡೇ. ಯಾಕೆ ನಿಂತಿದೆ, ಯಾವಾಗ ಹೊರಡುತ್ತೆ. ಡ್ರೈವರ್ 'ಸಾರಿ ಎವ್ರಿವನ್' ಅಂತ ಹೇಳಿ ವಿಷಯ ತಿಳಿಸಿದರೆ ಮರ್ಯಾದೆ ಪೂರ್ತಿ ಸಿಕ್ಕ ಹಾಗೆಯೇ.

ನನಗೆ ಇದು ಯಾಕಿಷ್ಟು ಮುಖ್ಯ ಅಂತ ಹೇಳಬೇಕು. ಥೈರಾಯ್ಡ್ ಆಪರೇಷನ್ ಆದ ಮೇಲೆ ನನ್ನ ದನಿ ದಪ್ಪಗಾಗಿದೆ. ಫೋನಿನಲ್ಲಿ ಎಲ್ಲರೂ ಹೆಂಗಸಾದ ನನ್ನನ್ನು 'ಸರ್' ಅಂತಾರೆ. ಅಷ್ಟೇ ಆಗಿದ್ದರೆ ಬಿಡಬಹುದಿತ್ತು. ಒಂದು ಬ್ಯಾಂಕಿಗೆ ಕಾರ್ಡ್ ಬ್ಲಾಕ್ ಮಾಡಿಸೋಕೆ ಫೋನ್ ಮಾಡಿದಾಗ, 'ಸರ್, ಈ ಖಾತೆ ನಿಮ್ಮ ಹೆಂಡತಿ ಹೆಸರಿನಲ್ಲಿದೆ, ಅವರ ಕೈಗೆ ಫೋನ್ ಕೊಡಿ' ಅಂದರು. ಹುಟ್ಟಿದ ತಾರೀಕು, ವಿಳಾಸ, ಪಾಸ್‌ವರ್ಡ್ ಎಲ್ಲ ಸರಿಯಾಗಿ ಹೇಳಿದರೂ ನಂಬಲಿಲ್ಲ. ಕೊನೆಗೆ ಪಾಸ್‌ಪೋರ್ಟ್ ಹಿಡಿದು ಬ್ರಾಂಚಿಗೇ ಹೋಗಬೇಕಾಯಿತು. ಫೋನ್ ಎತ್ತಿದ ಬ್ಯಾಂಕಿನ ಆ ಹುಡುಗ ಒರಟಾಗಿ ಮಾತಾಡಿದವನಲ್ಲ. ಪ್ರತಿ ವಾಕ್ಯಕ್ಕೂ ಒಂದು ಸರ್ ಸೇರಿಸಬೇಕು ಅಂತ ಕಲಿಸಿದ್ದಾರೆ, ಅದಕ್ಕೇ ಶುರುವಿನಲ್ಲೇ ಊಹೆ ಮಾಡಿಬಿಟ್ಟ. ಆಮೇಲೆ ಆ ಊಹೆಯನ್ನೇ ನಂಬಿದ, ನನ್ನನ್ನು ನಂಬಲಿಲ್ಲ. ನನಗೇ ಇಷ್ಟು ನೋವಾದರೆ, ಇದನ್ನು ದಿನಾ ಅಂಗಡಿ, ಆಸ್ಪತ್ರೆ, ಆಫೀಸಿನಲ್ಲಿ ಎದುರಿಸುವ ಟ್ರಾನ್ಸ್ ಜನರ ಪಾಡೇನು?

ಇಂಗ್ಲೆಂಡಿನಲ್ಲಿ ಊಹೆ ಮಾಡದೆ ಕರೆಯುವ ರೂಢಿ ಹೊಸದೇನಲ್ಲ. ನಾಟಿಂಗ್‌ಹ್ಯಾಮ್, ಡರ್ಬಿ ಕಡೆ ಅಂಗಡಿಯವರು ಗಂಡು ಹೆಣ್ಣು ಅನ್ನದೆ ಎಲ್ಲರನ್ನೂ ಅಕ್ಕರೆಯಿಂದ 'ಡಕ್' ಅಂತಾರೆ. ಯಾರ್ಕ್‌ಶೈರಿನಲ್ಲಿ ಗಂಡಸರು ಗಂಡಸರನ್ನೇ 'ಲವ್' ಅಂತ ಕರೆಯೋದುಂಟು. ನನಗೆ ಇವು ತುಂಬಾ ಇಷ್ಟ. ಆದರೆ ಇವು ಎದುರಿಗೆ ನಿಂತ ಒಬ್ಬರಿಗೆ ಹೇಳುವ ಮಾತು, ಮೈಕಿಗೆ ಒಗ್ಗುವುದಿಲ್ಲ. 'ಗೈಸ್' ಎಲ್ಲರಿಗೂ ಸಲ್ಲುತ್ತೆ ಅಂತಾರೆ. ನನಗೇನೋ ಅದರಲ್ಲಿ ಇನ್ನೂ ಹುಡುಗರ ಗುಂಪೇ ಕಾಣುತ್ತೆ. ಹಾಗಾಗಿ 'ಎವ್ರಿವನ್' ಸರಿಯಾದ ಆಯ್ಕೆ. ವಿಮಾನದವರೂ ಈ ದಾರಿ ಹಿಡಿದಿದ್ದಾರೆ. ಏರ್ ಕೆನಡಾ 2019ರಲ್ಲಿ 'ಎವ್ರಿಬಡಿ' ಅಂತ ಬದಲಾಯಿಸಿಕೊಂಡಿತು. ಜಪಾನ್ ಏರ್‌ಲೈನ್ಸ್ 2020ರ ಅಕ್ಟೋಬರ್ 1ರಿಂದ ತನ್ನ ಇಂಗ್ಲಿಷ್ ಪ್ರಕಟಣೆಗಳಲ್ಲಿ 'ಲೇಡೀಸ್ ಅಂಡ್ ಜೆಂಟಲ್‌ಮೆನ್' ಕೈಬಿಟ್ಟಿತು.

ಟ್ಯೂಬಿನ ರೆಕಾರ್ಡ್ ಮಾಡಿದ ದನಿ ಇನ್ನೂ ಸರಳ. ಮುಂದಿನ ಸ್ಟೇಷನ್ ಇದು, ಬಾಗಿಲಿನಿಂದ ದೂರ ನಿಲ್ಲಿ, 'ಮೈಂಡ್ ದಿ ಗ್ಯಾಪ್' (ರೈಲಿಗೂ ಪ್ಲಾಟ್‌ಫಾರ್ಮಿಗೂ ನಡುವಿನ ಸಂದು ನೋಡಿಕೊಳ್ಳಿ). ಯಾರನ್ನೂ ಹೆಸರಿಟ್ಟು ಕರೆಯದೆ ಕೆಲಸ ಮುಗಿಸುತ್ತೆ. ಬ್ಯಾಂಕಿನವರು, ಫೋನ್ ಕಂಪನಿಯವರು ಇದನ್ನು ಕೇಳಿಸಿಕೊಂಡು ಕಲಿಯಬೇಕು. 'ನಮಸ್ಕಾರ, ನಿಮ್ಮ ಹೆಸರು ಹೇಳ್ತೀರಾ, ಹೇಗೆ ಕರೆಯಲಿ?' ಅಂತ ಕೇಳೋಕೆ ಎಷ್ಟು ಹೊತ್ತು ಬೇಕು ಹೇಳಿ?

ಒಂದು ತಕರಾರು ಇದೆ. ಟ್ಯೂಬಿನವರು ಎಷ್ಟೋ ಸಲ ನಮ್ಮನ್ನು 'ಕಸ್ಟಮರ್ಸ್' ಅಂತಾರೆ. ಅದು ಗಂಡಿಗೂ ಹೆಣ್ಣಿಗೂ ಎಲ್ಲರಿಗೂ ಸಲ್ಲುತ್ತೆ, ನಿಜ. ಆದರೆ ರೈಲು ಹತ್ತಿದವರು ಪ್ರಯಾಣಿಕರು. 'ಪ್ಯಾಸೆಂಜರ್ಸ್' ಅನ್ನೋ ಒಳ್ಳೆಯ ಪದ ಇರುವಾಗ ಸುಮ್ನೆ ಗಿರಾಕಿ ಅನ್ನಿಸಿಕೊಳ್ಳೋದು ಯಾಕೆ? ಅದಕ್ಕೆ ಅರ್ಧ ಅಂಕ ಕಳೆದು, ಟ್ಯೂಬಿನ ಮೈಕಿಗೆ ಐದಕ್ಕೆ ನಾಲ್ಕೂವರೆ ಕೊಡುತ್ತೇನೆ.