ಗುಳ್ಳೆ ಊದುವ ಆಟಿಕೆಗೆ ಪೇಟೆಂಟ್: ಅರ್ಜಿಯಲ್ಲಿ ಯಾರ ಇಮೇಲ್ ಇದೆ, ಮೊದಲು ಅದನ್ನು ನೋಡಿ

ಹುಬ್ಬಳ್ಳಿ-ಧಾರವಾಡದ ಸಣ್ಣ ವರ್ಕ್‌ಶಾಪಿನವರು, ಡಿಪ್ಲೊಮಾ ಮುಗಿಸಿದ ಹುಡುಗರು, ಮನೆಯಲ್ಲೇ ಏನಾದರೂ ಹೊಸದು ಮಾಡಿದವರು ಇದನ್ನು ಓದಿ. ಪೇಟೆಂಟ್ ಮಾಡಿಸಿಕೊಡುತ್ತೇವೆ ಎನ್ನುವವರ ಕೈಗೆ ಆಧಾರ್, ಪ್ಯಾನ್ ಕೊಡುವ ಮೊದಲು ಒಂದು ಮಾತು ಕೇಳಿ: ಅರ್ಜಿಯಲ್ಲಿ ಯಾರ ಇಮೇಲ್, ಯಾರ ಮೊಬೈಲ್ ನಂಬರ್ ಹಾಕುತ್ತೀರಿ? ನಮ್ಮ ಅಕ್ಕನ ಮಗನ ಅರ್ಜಿ ಸತ್ತದ್ದು ಇದೊಂದೇ ಕಾರಣಕ್ಕೆ. ಸತ್ತು ವರ್ಷ ಕಳೆದ ಮೇಲೂ ನಮಗೆ ಸುದ್ದಿ ಇರಲಿಲ್ಲ.

ಹುಡುಗ ಗೋಕುಲ ರೋಡಿನ ಕಡೆ ಪ್ಲಾಸ್ಟಿಕ್ ಮೋಲ್ಡಿಂಗ್ ಕೆಲಸದಲ್ಲಿದ್ದಾನೆ. ಸಿದ್ಧಾರೂಢ ಮಠದ ಜಾತ್ರೆಯಲ್ಲಿ, ಗ್ಲಾಸ್ ಹೌಸ್ ಮುಂದೆ, ಉಣಕಲ್ ಕೆರೆ ದಂಡೆಯಲ್ಲಿ ಮಾರುವ ಬಬಲ್ಸ್ ಡಬ್ಬಿ ನೀವೆಲ್ಲ ನೋಡಿದ್ದೀರಿ. ಕಡ್ಡಿ ಅದ್ದಬೇಕು, ಊದಬೇಕು. ಎರಡನೇ ಸಲ ಅದ್ದುವಷ್ಟರಲ್ಲಿ ಮಗು ಡಬ್ಬಿ ಕೆಡವುತ್ತದೆ, ಸಾಬೂನು ನೀರೆಲ್ಲ ಅಂಗಿ ಮೇಲೆ. ಇವನು ಡಬ್ಬಿಯನ್ನೇ ತೆಗೆದುಹಾಕಿದ. ನೀರು ಹಿಡಿಕೆಯೊಳಗೇ ಇರುತ್ತದೆ. ಹೆಬ್ಬೆರಳಿನಿಂದ ಒತ್ತಿದರೆ ಒಳಗಿನ ತೆಳು ಸಿಲಿಕೋನ್ ಪರದೆ ತೆರೆದು, ಉಂಗುರದ ಸುತ್ತ ಇರುವ ಸ್ಪಂಜಿಗೆ ಬೇಕಾದಷ್ಟೇ ನೀರು ಬಿಡುತ್ತದೆ. ಬೆರಳು ತೆಗೆದರೆ ಮುಚ್ಚಿಕೊಳ್ಳುತ್ತದೆ. ತಲೆಕೆಳಗು ಹಿಡಿದರೂ ಹನಿ ಬೀಳುವುದಿಲ್ಲ. ನಾನು ಮೋಲ್ಡ್ ಡೈ ಮಾಡುವವನು, ಇಂಥವನ್ನು ಸುಮಾರು ನೋಡಿದ್ದೇನೆ. ಪರದೆಯೂ ಸ್ಪಂಜೂ ಹೀಗೆ ಜೊತೆಗೂಡಿ ಕೆಲಸ ಮಾಡುವುದು ನಿಜಕ್ಕೂ ಚಂದದ ಯೋಚನೆ. ನಮ್ಮ ಹುಡುಗ ಮಾಡಿದ್ದಾನೆ ಎಂದು ಹೇಳುತ್ತಿಲ್ಲ.

ಪೇಟೆಂಟ್, ಟ್ರೇಡ್‌ಮಾರ್ಕ್, ಜಿಎಸ್‌ಟಿ, ಉದ್ಯಮ್ ರಿಜಿಸ್ಟ್ರೇಷನ್ ಎಲ್ಲ ಒಂದೇ ಬೋರ್ಡಿನ ಮೇಲೆ ಬರೆದುಕೊಂಡ ಒಬ್ಬ ಕನ್ಸಲ್ಟೆಂಟ್ ಹತ್ತಿರ ಹೋದ. ಆತ ಹೇಳಿದ್ದು ಅರವತ್ತೈದು ಸಾವಿರ, ಕಂತಿನಲ್ಲಿ. "ಭಾಳಷ್ಟು ಸರ್ಕಾರಿ ಫೀಸೇ ಐತ್ರಿ, ನಮಗೇನೂ ಉಳಿಯಂಗಿಲ್ಲ" ಅಂದನಂತೆ. ಲೆಕ್ಕ ನೋಡಿ. ಒಬ್ಬ ವ್ಯಕ್ತಿ ತನ್ನ ಹೆಸರಿನಲ್ಲಿ ಆನ್‌ಲೈನ್ ಅರ್ಜಿ ಹಾಕಿದರೆ ಫೀ 1600 ರೂಪಾಯಿ. ಪರೀಕ್ಷೆ ಮಾಡಿ ಎಂದು ಕೇಳುವ ಫಾರ್ಮ್ 18ಕ್ಕೆ 4000. ಬೇಗ ಪ್ರಕಟಿಸಿ ಎನ್ನುವ ಫಾರ್ಮ್ 9ಕ್ಕೆ 2500. ಒಟ್ಟು 8100. ದೊಡ್ಡ ಕಂಪನಿಯಾದರೆ ಇದು ಐದು ಪಟ್ಟು, ಆದರೆ ಇಲ್ಲಿ ಇದ್ದವನು ಒಬ್ಬ ಹುಡುಗ. ಬರೆದುಕೊಡುವ ಕೆಲಸಕ್ಕೆ ದುಡ್ಡು ತೆಗೆದುಕೊಳ್ಳುವುದು ತಪ್ಪಲ್ಲ. ಒಳ್ಳೆಯ ಏಜೆಂಟ್ ನಾಲ್ಕು ದಿನ ಕೂತು ಬರೆದರೆ ಅದಕ್ಕೆ ಬೆಲೆ ಇದೆ. ಸರ್ಕಾರದ ಹೆಸರು ಹೇಳಿ ತೆಗೆದುಕೊಳ್ಳುವುದು ಬೇರೆ ಕಸುಬು.

2022ರಲ್ಲಿ ಅರ್ಜಿ ಹೋಯಿತು. ಸ್ವಲ್ಪ ದಿನಕ್ಕೆ ವಾಟ್ಸಾಪಿನಲ್ಲಿ ಪೇಟೆಂಟ್ ಜರ್ನಲ್‌ನ ಪುಟ ಬಂತು, ಜೊತೆಗೆ "ಕಂಗ್ರಾಟ್ಸ್, ಪೇಟೆಂಟ್ ಆತು" ಅನ್ನುವ ಸಂದೇಶ. ಅದು ಬರೀ ಪ್ರಕಟಣೆ. ಯಾವ ಅರ್ಜಿಯಾದರೂ 18 ತಿಂಗಳಿಗೆ ತಾನಾಗಿಯೇ ಪ್ರಕಟವಾಗುತ್ತದೆ, ಫಾರ್ಮ್ 9 ಹಾಕಿದರೆ ಬೇಗ ಆಗುತ್ತದೆ, ಅಷ್ಟೇ. ಆ ಹೊತ್ತಿಗೆ ಯಾವ ಅಧಿಕಾರಿಯೂ ಅದನ್ನು ತೂಗಿ ನೋಡಿರುವುದಿಲ್ಲ. (ಕಾಲೇಜುಗಳ ಫ್ಲೆಕ್ಸ್‌ಗಳಲ್ಲಿ 'ನಮ್ಮ ಪ್ರಾಧ್ಯಾಪಕರ ಪೇಟೆಂಟ್ ಪ್ರಕಟ' ಎಂದು ಕಂಡರೂ ಇಷ್ಟೇ ಅರ್ಥ ಮಾಡಿಕೊಳ್ಳಿ.) ಮೇಲಾಗಿ "ಪ್ಯಾಕೆಟ್ ಮ್ಯಾಲೆ ಪೇಟೆಂಟೆಡ್ ಅಂತ ಹಾಕ್ರಿ, ಮಾಲು ಹೋಗತೈತಿ" ಎಂದು ಆತನೇ ಹೇಳಿ ಸ್ಟಿಕ್ಕರ್ ಹೊಡೆಸಿದ. ಪೇಟೆಂಟ್ ಸಿಗದೆ ಹಾಗೆ ಹಾಕುವುದು ಪೇಟೆಂಟ್ ಕಾಯ್ದೆಯ 120ನೇ ಸೆಕ್ಷನ್ ಪ್ರಕಾರ ತಪ್ಪು, ಈಗ ಹತ್ತು ಲಕ್ಷದವರೆಗೆ ದಂಡ ಇದೆ. ಆ ದಂಡ ಬೀಳುವುದು ಮಾಲು ಮಾರಿದವನ ಮೇಲೆ, ಸಲಹೆ ಕೊಟ್ಟವನ ಮೇಲಲ್ಲ.

ಆಮೇಲೆ ಯಾವಾಗ ಕೇಳಿದರೂ ಒಂದೇ ಉತ್ತರ. "ಎಗ್ಸಾಮಿನೇಷನ್ ನಡದೈತ್ರಿ. ಸೆಂಟ್ರಲ್ ಗವರ್ನಮೆಂಟ್ ಕೆಲಸ, ವ್ಯಾಳ್ಯಾ ಹಿಡೀತೈತಿ."

ಹೋದ ವರ್ಷ ದುರ್ಗದಬೈಲಿನ ಅಂಗಡಿಗಳಲ್ಲಿ ಅದೇ ಆಟಿಕೆ ಬೇರೆ ಬಣ್ಣದಲ್ಲಿ ಕಾಣಿಸಿತು. ನೋಟಿಸ್ ಕೊಡೋಣ ಎಂದು ಧಾರವಾಡದ ಪರಿಚಯದ ವಕೀಲರೊಬ್ಬರ ಹತ್ತಿರ ಹೋದೆವು. ಅವರು ನಂಬರ್ ನೋಡಿದರು. "ಇದು ಅರ್ಜಿ ನಂಬರ್ ಆತು. ಪೇಟೆಂಟ್ ನಂಬರ್ ಎಲ್ಲೈತಿ?" ಅಂದರು. ಕೂತಲ್ಲೇ ಮೊಬೈಲಿನಲ್ಲಿ ಪೇಟೆಂಟ್ ಕಚೇರಿಯ ವೆಬ್‌ಸೈಟ್ ತೆರೆದು, ನಂಬರ್ ಹಾಕಿ, ನಮ್ಮ ಕಡೆ ತಿರುಗಿಸಿದರು. ಸೆಕ್ಷನ್ 21(1)ರ ಪ್ರಕಾರ ಅರ್ಜಿ ಕೈಬಿಟ್ಟಂತೆ ಎಂದು ಬರೆದಿತ್ತು. 2023ರಲ್ಲೇ ಪರೀಕ್ಷಾ ವರದಿ, ಅಂದರೆ ಪರೀಕ್ಷಕರ ಆಕ್ಷೇಪಣೆಗಳ ಪತ್ರ ಬಂದಿತ್ತು, ಗಡುವಿನೊಳಗೆ ಉತ್ತರ ಯಾರೂ ಕೊಟ್ಟಿರಲಿಲ್ಲ.

ಇದನ್ನು ನೋಡಲು ಲಾಗಿನ್ ಬೇಡ, ದುಡ್ಡು ಬೇಡ. ನಂಬರ್ ಇದ್ದರೆ ಸಾಕು. ಹನ್ನೆರಡು ಅಂಕಿಯ ಆ ನಂಬರಿನಲ್ಲಿ ಮೊದಲ ನಾಲ್ಕು ವರ್ಷ, ಐದನೆಯದು ಕಚೇರಿ. ಕರ್ನಾಟಕದವರ ಅರ್ಜಿ ಚೆನ್ನೈ ಕಚೇರಿಗೆ ಸೇರುತ್ತದೆ, ಅದರ ಅಂಕಿ 4. ಹಾಗಾಗಿ 2022ರ ನಮ್ಮ ಕಡೆಯ ಅರ್ಜಿ 20224 ಎಂದು ಶುರುವಾಗಬೇಕು. ಇನ್ನೊಬ್ಬರಿಗೆ ಅದೇ ಕನ್ಸಲ್ಟೆಂಟ್ ಕೊಟ್ಟ ನಂಬರ್ ಹಾಕಿ ನೋಡಿದರೆ ಅದು ಬೇರೆ ಯಾರದೋ ಅರ್ಜಿಯಾಗಿತ್ತು, ಅದೂ ದೆಹಲಿಯದು.

ವರದಿ ಹೋದದ್ದು ಎಲ್ಲಿಗೆ? ಪರೀಕ್ಷಾ ವರದಿ ಈಗ ಇಮೇಲಿನಲ್ಲಿ ಬರುತ್ತದೆ, ಪತ್ರವ್ಯವಹಾರಕ್ಕೆಂದು ಅರ್ಜಿಯಲ್ಲಿ ಕೊಟ್ಟ ಸೇವಾ ವಿಳಾಸಕ್ಕೆ. ಅಲ್ಲಿ ಇದ್ದದ್ದು ಆ ಕನ್ಸಲ್ಟೆಂಟಿನ ಇಮೇಲ್. ಇನ್ನೊಂದು ವಿಚಿತ್ರ: ಕಡತದಲ್ಲಿ ಆತನ ಹೆಸರೇ ಇಲ್ಲ. ನೋಂದಾಯಿತ ಪೇಟೆಂಟ್ ಏಜೆಂಟ್ ಆದರೆ ಅರ್ಜಿದಾರ ಅಧಿಕಾರ ಕೊಟ್ಟಿದ್ದಕ್ಕೆ ಫಾರ್ಮ್ 26 ಇರಬೇಕು. ಇರಲಿಲ್ಲ. ಅರ್ಜಿದಾರ ತಾನೇ ಅರ್ಜಿ ಹಾಕಿಕೊಳ್ಳಲು ಕಾಯ್ದೆಯಲ್ಲಿ ಅವಕಾಶ ಇದೆ. ಅದನ್ನೇ ಹಿಡಿದು, ಹುಡುಗನ ಹೆಸರಿನಲ್ಲಿ ಡಿಜಿಟಲ್ ಸಹಿ ಮಾಡಿಸಿ, ಆ ಸಹಿ ಇರುವ ಪೆನ್‌ಡ್ರೈವಿನಂಥ ಯುಎಸ್‌ಬಿ ಟೋಕನ್ ತನ್ನ ಡ್ರಾವರಿನಲ್ಲಿಟ್ಟುಕೊಂಡು, ಎಲ್ಲ ಹುಡುಗನೇ ಹಾಕಿದ ಹಾಗೆ ಹಾಕಿದ್ದ. ಡಿಜಿಟಲ್ ಸಹಿ ಎಂದರೆ ನಿಮ್ಮ ಸಹಿಯೇ. ಅದು ಇನ್ನೊಬ್ಬರ ಡ್ರಾವರಿನಲ್ಲಿ ಇರುವುದೆಂದರೆ ಸಹಿ ಮಾಡಿದ ಖಾಲಿ ಚೆಕ್ ಬುಕ್ ಬಿಟ್ಟು ಬಂದ ಹಾಗೆ. ಇವತ್ತೇ ಹೋಗಿ ತೆಗೆದುಕೊಂಡು ಬನ್ನಿ.

ವರದಿಯನ್ನು ಡೌನ್‌ಲೋಡ್ ಮಾಡಿ ರಾತ್ರಿ ಕೂತು ಓದಿದೆವು. ನನಗೆ ಹೆಚ್ಚು ಸಿಟ್ಟು ತರಿಸಿದ್ದು ದುಡ್ಡಿನ ವಿಷಯವಲ್ಲ, ಈ ವರದಿ. ಏಕೆಂದರೆ ಅದಕ್ಕೆ ಉತ್ತರ ಇತ್ತು.

ಮೊದಲ ಪರೀಕ್ಷಾ ವರದಿ ತಿರಸ್ಕಾರವಲ್ಲ. ಹೆಚ್ಚುಕಡಿಮೆ ಪ್ರತಿ ಅರ್ಜಿಗೂ ಆಕ್ಷೇಪಣೆ ಬಂದೇ ಬರುತ್ತದೆ. ಪರೀಕ್ಷಕರು ಹಳೆಯ ದಾಖಲೆ ಹುಡುಕಿ, 'ಇದು ಮೊದಲೇ ಇದೆಯಲ್ಲ, ನಿಮ್ಮದರಲ್ಲಿ ಹೊಸದೇನು' ಎಂದು ಕೇಳುತ್ತಾರೆ. ಗುಳ್ಳೆ ಆಟಿಕೆಗಳಿಗೆ ಅಂತರರಾಷ್ಟ್ರೀಯ ವರ್ಗೀಕರಣದಲ್ಲಿ ಒಂದು ಮನೆಯೇ ಇದೆ, ಎ63ಎಚ್ 33/28. ಅದರೊಳಗೆ ಜಗತ್ತಿನ ಪಿಸ್ತೂಲು, ಕಹಳೆ, ಫ್ಯಾನು, ಚೆಲ್ಲದ ಡಬ್ಬಿ ಎಲ್ಲ ದಶಕಗಳಿಂದ ತುಂಬಿಕೊಂಡಿವೆ. ನಮ್ಮ ವರದಿಯಲ್ಲಿ ಎರಡು ದಾಖಲೆ ಎತ್ತಿದ್ದರು. ಒಂದರಲ್ಲಿ ಚೆಲ್ಲದ ಪಾತ್ರೆ, ಇನ್ನೊಂದರಲ್ಲಿ ಸ್ಪಂಜಿನಿಂದ ಒದ್ದೆಯಾಗುವ ಉಂಗುರ.

ಯಾವುದರ ಮೇಲೆ ಹಕ್ಕು ಬೇಕು ಎಂದು ಅರ್ಜಿಯಲ್ಲಿ ನಂಬರ್ ಹಾಕಿ ಬರೆಯುವ ಸಾಲುಗಳೇ ಕ್ಲೇಮ್. ಇವನ ಅರ್ಜಿಯ ಮೊದಲ ಕ್ಲೇಮ್ ಏನಿತ್ತು ಗೊತ್ತೇ? ದ್ರವ ತುಂಬುವ ಹಿಡಿಕೆ, ತುದಿಯಲ್ಲಿ ಉಂಗುರ, ಊದಿದರೆ ಗುಳ್ಳೆ ಬರುವ ಸಾಧನ. ಜಾತ್ರೆಯ ಪ್ರತಿ ಅಂಗಡಿಯ ಮಾಲೂ ಅದರೊಳಗೆ ಬಂತು! ಅದನ್ನು ಹೊಸದಲ್ಲ ಎನ್ನದೆ ಪರೀಕ್ಷಕರು ಇನ್ನೇನು ಅನ್ನಬೇಕು? ಹುಡುಗ ನಿಜವಾಗಿ ಕಂಡುಹಿಡಿದ ಸಿಲಿಕೋನ್ ಪರದೆ ಐದನೆಯ ಕ್ಲೇಮಿನಲ್ಲಿ ಅಡಗಿ ಕೂತಿತ್ತು. ಅದು ಹಳೆಯದು ಎಂದು ವರದಿ ಹೇಳಿರಲೇ ಇಲ್ಲ. ಎರಡು ದಾಖಲೆ ಕೂಡಿಸಿದರೆ ತಿಳಿದವನಿಗೆ ಹೊಳೆಯಬಹುದು ಎಂದಷ್ಟೇ ಬರೆದು, ಜೊತೆಗೆ ಸೆಕ್ಷನ್ 3(ಎಫ್) ಹಾಕಿದ್ದರು. ಗೊತ್ತಿರುವ ಸಾಮಾನುಗಳನ್ನು ಬರೀ ಜೋಡಿಸಿ, ಪ್ರತಿಯೊಂದೂ ತನ್ನ ಪಾಡಿಗೆ ತಾನು ಮೊದಲಿನಂತೆಯೇ ಕೆಲಸ ಮಾಡುತ್ತಿದ್ದರೆ ಅದು ಆವಿಷ್ಕಾರವಲ್ಲ ಎನ್ನುವ ಸೆಕ್ಷನ್ ಅದು. ಉತ್ತರ ಅಲ್ಲೇ ಇದೆ: ಇಲ್ಲಿ ಪರದೆ ತನ್ನ ಪಾಡಿಗಿಲ್ಲ, ಸ್ಪಂಜೂ ಇಲ್ಲ. ಪರದೆ ಬಿಡುವ ನೀರಿನ ಅಳತೆಯನ್ನು ಸ್ಪಂಜು ಹಿಡಿಯುವ ಶಕ್ತಿಗೆ ಹೊಂದಿಸಿದ್ದರಿಂದಲೇ ತಲೆಕೆಳಗಾದರೂ ಹನಿ ಬೀಳುವುದಿಲ್ಲ. ಐದನೆಯ ಕ್ಲೇಮನ್ನು ಮೊದಲನೆಯದಕ್ಕೆ ಸೇರಿಸಿ, ವ್ಯಾಪ್ತಿ ಕಿರಿದು ಮಾಡಿ, ಈ ಮಾತನ್ನು ಎರಡು ಪುಟದಲ್ಲಿ ಬರೆದು ಕಳಿಸಬೇಕಿತ್ತು. ಹಾಗೆ ತಿದ್ದಲು ಸೆಕ್ಷನ್ 59 ಬಿಡುತ್ತದೆ. ಆಗಲೂ ಒಪ್ಪದಿದ್ದರೆ ವಿಚಾರಣೆ ಕೇಳಬಹುದಿತ್ತು. ಪೇಟೆಂಟ್ ಸಿಕ್ಕೇಬಿಡುತ್ತಿತ್ತು ಅನ್ನುವುದಿಲ್ಲ, ಆದರೆ ವಾದ ಮಾಡುವ ಹಂತಕ್ಕೇ ಹೋಗಲಿಲ್ಲವಲ್ಲ.

ಅರ್ಜಿಯ ವಿವರಣೆ ಓದುತ್ತ ಹುಡುಗ ಒಂದು ಕಡೆ ನಿಂತ. "ಮಾಮಾ, ಇದು ನನ್ನ ಆಟಿಗಿ ಬಗ್ಗೆ ಐತೇನ?" ಅಂದ. ಅಲ್ಲಿ ರೈತರಿಗೆ ನೀರು ಉಳಿಸುವ ಹನಿ ನೀರಾವರಿ ವಾಲ್ವ್ ಬಗ್ಗೆ ಒಂದಿಡೀ ಪ್ಯಾರಾ ಇತ್ತು. ಬೇರೆ ಯಾರದೋ ಅರ್ಜಿಯಿಂದ ಎತ್ತಿ ಅಂಟಿಸಿದ್ದು, ಅಳಿಸುವುದಕ್ಕೂ ಪುರುಸೊತ್ತಿರಲಿಲ್ಲ.

ವಿಚಾರಿಸಲು ಹೋದರೆ ಆ ಕನ್ಸಲ್ಟೆಂಟಿನ ಮುಖದಲ್ಲಿ ಒಂದು ಗೆರೆಯೂ ಕದಲಲಿಲ್ಲ. "ರಿಸ್ಟೋರ್ ಮಾಡಸೋಣ ಬಿಡ್ರಿ. ಇನ್ನೊಂದು ಇಪ್ಪತ್ತೈದು ಸಾವಿರ ಆಗತೈತಿ." ಇದಕ್ಕೆ ಬೀಳಬೇಡಿ. ಸೆಕ್ಷನ್ 60ರ ಮರುಸ್ಥಾಪನೆ ಇರುವುದು ಒಮ್ಮೆ ಕೊಟ್ಟ ಪೇಟೆಂಟ್ ನವೀಕರಣ ಫೀ ಕಟ್ಟದೆ ಬಿದ್ದುಹೋದಾಗ. ಉತ್ತರ ಕೊಡದೆ ಸತ್ತ ಅರ್ಜಿಗೆ ಅದು ಬರುವುದಿಲ್ಲ. ಏಜೆಂಟನ ನಿರ್ಲಕ್ಷ್ಯದಿಂದ ಹೋದ ಅರ್ಜಿಗಳನ್ನು ದೆಹಲಿ ಹೈಕೋರ್ಟ್ 2022ರಲ್ಲಿ ಮತ್ತೆ ತೆರೆಸಿದ್ದುಂಟು, ಅರ್ಜಿದಾರನಿಗೆ ಬಿಟ್ಟುಬಿಡುವ ಮನಸ್ಸು ಇರಲಿಲ್ಲ ಎಂದು ಕಂಡಾಗ. ಆದರೆ ಜಾತ್ರೆಯಲ್ಲಿ ಮಾರುವ ಆಟಿಕೆಗಾಗಿ ಹೈಕೋರ್ಟಿಗೆ ರಿಟ್ ಹಾಕುವ ಖರ್ಚು ಯಾರು ಹೊರಬೇಕು?

ಹೊಸದಾಗಿ ಅರ್ಜಿ ಹಾಕೋಣ ಎಂದರೆ ಅದೂ ಆಗದು. ತನ್ನದೇ ಹಳೆಯ ಅರ್ಜಿ ಪ್ರಕಟವಾಗಿದೆ, ಈಗ ಅದೇ ಅವನ ವಿರುದ್ಧದ ಹಳೆಯ ದಾಖಲೆ. ಬೇಡದ ಫಾರ್ಮ್ 9 ಹಾಕಿ ಬೇಗ ಪ್ರಕಟಿಸಿದ್ದು ಗಾಯದ ಮೇಲೆ ಬರೆ. ಹಿಡಿಕೆಯ ಆಕಾರಕ್ಕಾದರೂ 2000ದ ವಿನ್ಯಾಸ ಕಾಯ್ದೆಯಲ್ಲಿ ನೋಂದಣಿ ಮಾಡಿಸಬಹುದಿತ್ತು. ಅದು ಕಣ್ಣಿಗೆ ಕಾಣುವ ರೂಪಕ್ಕೆ ಮಾತ್ರ ಸಲ್ಲುತ್ತದೆ, ಒಳಗಿನ ಯಂತ್ರಕ್ಕಲ್ಲ. ವ್ಯಕ್ತಿಗೆ ಫೀ 1000 ರೂಪಾಯಿ, ಮೊದಲು ಹತ್ತು ವರ್ಷ, ಆಮೇಲೆ ಇನ್ನೈದು. ಬಣ್ಣ ಬದಲಿಸಿ ಅದೇ ಆಕಾರ ಮಾರುವ ದುರ್ಗದಬೈಲಿನ ಮಾಲನ್ನು ತಡೆಯಲು ಅದೇ ಹೆಚ್ಚು ಉಪಯೋಗಕ್ಕೆ ಬರುತ್ತಿತ್ತೇನೋ. ಆದರೆ ಮಾರುಕಟ್ಟೆಗೆ ಬಿಡುವ ಮೊದಲೇ ಹಾಕಬೇಕು. ಆ ಹೆಸರನ್ನೇ ಆತ ಎತ್ತಿರಲಿಲ್ಲ.

ಈಗ ಜಿಲ್ಲಾ ಗ್ರಾಹಕರ ಆಯೋಗಕ್ಕೆ ದೂರು ಬರೆಸುತ್ತಿದ್ದೇವೆ. ಐದು ಲಕ್ಷದೊಳಗಿನ ವ್ಯವಹಾರಕ್ಕೆ ಅಲ್ಲಿ ಫೀ ಇಲ್ಲ, ಆದರೆ ಎರಡು ವರ್ಷದೊಳಗೆ ಹೋಗಬೇಕು. ಕಡತದಲ್ಲಿ ಹೆಸರಿಲ್ಲದವನ ಮೇಲೆ ನಮಗೆ ಉಳಿದ ಸಾಕ್ಷಿ ವಾಟ್ಸಾಪ್ ಮಾತು ಮತ್ತು ಯುಪಿಐ ಪಾವತಿ. ಇಂಥವರ ಜೊತೆ ಫೋನಿನಲ್ಲಿ ಮಾತಾಡಿ ಮುಗಿಸಬೇಡಿ, ಬರೆದು ಕೇಳಿ. ನಗದು ಕೊಡಲೇಬೇಡಿ.

ಏಜೆಂಟ್ ಬೇಕೆಂದರೆ ನೋಂದಾಯಿತರ ಪಟ್ಟಿ ಪೇಟೆಂಟ್ ಕಚೇರಿಯ ವೆಬ್‌ಸೈಟಿನಲ್ಲೇ ಇದೆ. ಅವರು ವಿಜ್ಞಾನ ಅಥವಾ ಇಂಜಿನಿಯರಿಂಗ್ ಓದಿ, ಪೇಟೆಂಟ್ ಏಜೆಂಟ್ ಪರೀಕ್ಷೆ ಪಾಸಾದವರು. ಪಟ್ಟಿಯಲ್ಲಿ ಹೆಸರಿಲ್ಲದವರು ಪೇಟೆಂಟ್ ಏಜೆಂಟ್ ಎಂದು ಕೆಲಸ ಮಾಡುವುದನ್ನು ಸೆಕ್ಷನ್ 129 ತಡೆಯುತ್ತದೆ. ಬೆಂಗಳೂರಿನಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಕರ್ನಾಟಕ ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿಯಲ್ಲಿ ಪೇಟೆಂಟ್ ಮಾಹಿತಿ ಕೇಂದ್ರವೂ ಇದೆ.

ಈಗಾಗಲೇ ಯಾರಿಗೋ ಕೊಟ್ಟು ಕಾಯುತ್ತಿರುವವರು ಇವತ್ತು ರಾತ್ರಿಯೇ ನಂಬರ್ ಹಾಕಿ ನೋಡಿ. ಪರೀಕ್ಷೆಗೆ ಕೋರಿಕೆ ಹೋಗಿದೆಯೇ ಎಂಬುದು ಮೊದಲು. 2024ರ ಮಾರ್ಚ್ 15ರ ನಂತರ ಹಾಕಿದ ಅರ್ಜಿಗೆ ಅದರ ಗಡುವು 31 ತಿಂಗಳು, ಮೊದಲು 48 ಇತ್ತು. ಪರೀಕ್ಷಾ ವರದಿ ಬಂದಿದೆ ಎಂದು ತೋರಿಸಿದರೆ ಅದರ ಮೇಲಿನ ದಿನಾಂಕ ಬರೆದುಕೊಳ್ಳಿ. ಉತ್ತರ ಕೊಡಲು ಅಲ್ಲಿಂದ ಆರು ತಿಂಗಳು, ಅದು ಮುಗಿಯುವ ಮೊದಲು ಗಡುವು ಹೆಚ್ಚಿಸಿ ಎನ್ನುವ ಫಾರ್ಮ್ 4 ಹಾಕಿದರೆ ಇನ್ನು ಮೂರು. ಮೊನ್ನೆ ಮೊನ್ನೆ ಗಡುವು ದಾಟಿದ್ದರೆ 2024ರ ತಿದ್ದುಪಡಿಯ ನಂತರದ ಪೇಟೆಂಟ್ ನಿಯಮ 138ರಲ್ಲಿ ವಿಳಂಬ ಮನ್ನಿಸಿ ಎಂದು ಕೇಳಬಹುದು, ಫೀ ಮಾತ್ರ ಭಾರಿ. ನಮ್ಮದು ಆ ಗೆರೆಯನ್ನೂ ದಾಟಿ ದೂರ ಹೋಗಿತ್ತು. ವಿಳಾಸ, ಇಮೇಲ್ ನಿಮ್ಮದಲ್ಲದಿದ್ದರೆ ಫಾರ್ಮ್ 13 ಹಾಕಿ ಬದಲಿಸಿ. ಅದನ್ನು ಆನ್‌ಲೈನಿನಲ್ಲಿ ಹಾಕಲೂ ಡಿಜಿಟಲ್ ಸಹಿ ಬೇಕು, ಅದಕ್ಕೇ ಟೋಕನ್ ಮೊದಲು ತನ್ನಿ ಎಂದದ್ದು.