ಹಾಸ್ಟೆಲ್‌ನ ಎಂಎಂಆರ್ ಕ್ಯಾಂಪ್: ಸಿಸ್ಟರ್‌ಗೆ ಐದು ಸ್ಟಾರ್, ಕಾಲೇಜಿಗೆ ಎರಡು

ನಮ್ಮದು ದಾವಣಗೆರೆಯ ಒಂದು ಎಂಜಿನಿಯರಿಂಗ್ ಕಾಲೇಜು. ಹೆಸರು ಬೇಡ ಬಿಡಿ, ಇನ್ನೂ ಎರಡು ವರ್ಷ ಇಲ್ಲೇ ಅನ್ನ ತಿನ್ನಬೇಕು. ದೀಪಾವಳಿ ರಜೆ ಮುಗಿಸಿ ಬಂದ ಮೇಲೆ ಹಾಸ್ಟೆಲ್‌ನಲ್ಲಿ ಮಂಗನಬಾವು ಶುರುವಾಯಿತು. ಮೊದಲು ನನ್ನ ರೂಮ್‌ಮೇಟ್‌ಗೇ. ಮೆಸ್‌ನಲ್ಲಿ ಚಿತ್ರಾನ್ನ ಬಾಯಿಗಿಟ್ಟಿದ್ದ, ನಿಂಬೆಹುಳಿ ತಾಗಿದ್ದೇ ತಡ ಕಿವಿ ಕೆಳಗೆ ಚುಳ್ ಅಂತು ಎಂದು ಕೆನ್ನೆ ಹಿಡಿದುಕೊಂಡು ಕೂತ. ಸಂಜೆಗೆ ಮುಖ ಬನ್ ಥರ ಊದಿತ್ತು. ಎಲ್ಲರೂ ನಕ್ಕೆವು, ಫೋಟೊ ತೆಗೆದು ಗ್ರೂಪಿಗೂ ಹಾಕಿದೆವು. ಮೂರು ವಾರದಲ್ಲಿ ನಮ್ಮ ಫ್ಲೋರಿನಲ್ಲೇ ಏಳು ಜನ ಮಲಗಿದರು. ಒಬ್ಬನಿಗೆ ಬಾವು ವೃಷಣಕ್ಕೂ ಇಳಿದು ನಡೆಯೋಕೂ ಆಗ್ತಿರಲಿಲ್ಲ. ವಯಸ್ಸಿಗೆ ಬಂದ ಹುಡುಗರಿಗೆ ಹೀಗೂ ಆಗುತ್ತದೆ ಅಂದರು ಡಾಕ್ಟರ್. ಆಮೇಲೆ ಯಾರೂ ನಗಲಿಲ್ಲ.

ಅಷ್ಟಾದ ಮೇಲೆ ಕಾಲೇಜಿನವರು ಎಚ್ಚೆತ್ತು ಎಂಎಂಆರ್ ಲಸಿಕೆಯ ಕ್ಯಾಂಪ್ ಇಟ್ಟರು. ದಡಾರ, ಮಂಗನಬಾವು, ರುಬೆಲ್ಲಾ ಮೂರಕ್ಕೂ ಸೇರಿ ಒಂದೇ ಚುಚ್ಚುಮದ್ದು. ತಲೆಗೆ 300 ರೂಪಾಯಿ.

ನನಗೆ ಮೊದಲು ಬೇಡ ಅನಿಸಿತ್ತು. 2017ರ ಫೆಬ್ರುವರಿಯಲ್ಲಿ ಶಾಲೆಯಲ್ಲೇ ಹಾಕಿದ್ದರಲ್ಲ, ಹೆಬ್ಬೆರಳಿಗೆ ಮಾರ್ಕರ್ ಗುರುತು ಹಾಕಿಸಿಕೊಂಡು ಮನೆಗೆ ಹೋಗಿದ್ದೆ. ಸಿಸ್ಟರ್‌ಗೆ ಅದನ್ನೇ ಹೇಳಿದೆ. "ಅದು ಎಂಆರ್ ಕಣಪ್ಪ, ದಡಾರಕ್ಕೂ ರುಬೆಲ್ಲಾಕ್ಕೂ. ಮಂಗನಬಾವಿನದ್ದು ಅದರಲ್ಲಿ ಇರಲಿಲ್ಲ, ಇದರಲ್ಲಿ ಇನ್ನೊಂದು ಎಂ ಇದೆ ನೋಡು" ಅಂದರು. ಸರ್ಕಾರಿ ಲಸಿಕೆ ಪಟ್ಟಿಯಲ್ಲಿ ಮಂಗನಬಾವಿನ ಲಸಿಕೆ ಇಲ್ಲವೇ ಇಲ್ಲವಂತೆ. ಮಗುವಾಗಿದ್ದಾಗ ಖಾಸಗಿಯಾಗಿ ಹಾಕಿಸಿದ್ದವರಿಗೆ ಮಾತ್ರ ಸಿಕ್ಕಿರುತ್ತದೆ. ಕ್ಲಾಸಿನಲ್ಲಿ ಅರ್ಧ ಜನಕ್ಕೆ ಇದು ಗೊತ್ತೇ ಇರಲಿಲ್ಲ.

ಸಿಸ್ಟರ್ ಕೆಲಸ ನೋಡಬೇಕಿತ್ತು. ಐಸ್ ಪ್ಯಾಕ್ ಇಟ್ಟ ನೀಲಿ ಡಬ್ಬ. ಅದರಿಂದ ಪುಟ್ಟ ಬಾಟಲಿ ತೆಗೆದು, ಒಳಗಿನ ಪುಡಿಗೆ ಜೊತೆಗೇ ಬಂದ ನೀರು ಬೆರೆಸಿ, ಬಾಟಲಿ ಮೇಲೆ ಟೈಮ್ ಬರೀತಿದ್ದರು. ಬೆಳಿಗ್ಗೆ 10ಕ್ಕೆ ಬೆರೆಸಿದ್ದ ಒಂದರಲ್ಲಿ ಮೂರು ಡೋಸ್ ಉಳಿದಿತ್ತು. ಲ್ಯಾಬ್ ಮುಗಿಸಿ ಹುಡುಗರು ಬರೋ ಹೊತ್ತಿಗೆ 4 ದಾಟಿತ್ತು. ಸಿಸ್ಟರ್ ಅದನ್ನು ಪಕ್ಕಕ್ಕೆ ತೆಗೆದಿಟ್ಟು ಹೊಸದು ತೆರೆದರು. ವಾರ್ಡನ್ ಸರ್ "ಸುಮ್ನೆ ವೇಸ್ಟ್ ಅಲ್ವಾ ಸಿಸ್ಟರ್?" ಅಂದರು. "ಆರು ಗಂಟೆ ಆಯ್ತು ಸರ್, ಇನ್ನು ಅದನ್ನ ಹಾಕೋ ಹಾಗಿಲ್ಲ." ಅಷ್ಟೇ ಮಾತು. ಚುಚ್ಚಿದ ಮೇಲೆ ಅರ್ಧ ಗಂಟೆ ಬೆಂಚಿನ ಮೇಲೆ ಕೂರಿಸಿದರು, ಅಟೆಂಡೆನ್ಸ್ ಹೋಗುತ್ತೆ ಅಂದರೂ ಬಿಡಲಿಲ್ಲ. ನೋವು ಇರುವೆ ಕಚ್ಚಿದಷ್ಟು. ಮಾರನೇ ದಿನ ತೋಳು ಸ್ವಲ್ಪ ಭಾರ, ಅಷ್ಟೇ.

ಕಾಲೇಜಿಗೆ ಯಾಕೆ ಎರಡೇ ಅಂತೀರಾ? ಕೆನ್ನೆ ಊದುವುದಕ್ಕೆ ಎರಡು ದಿನ ಮುಂಚೆಯೇ ಇದು ಇನ್ನೊಬ್ಬರಿಗೆ ಅಂಟೋಕೆ ಶುರುವಾಗಿರುತ್ತದೆ. ಆಗಲೇ ಅಂಟಿಸಿಕೊಂಡವನಿಗೆ ಈಗ ಚುಚ್ಚಿ ಹೆಚ್ಚೇನೂ ಪ್ರಯೋಜನ ಇಲ್ಲ. ಕ್ಯಾಂಪ್ ಆದ ಮೇಲೂ ಇಬ್ಬರು ಊದಿಕೊಂಡರು, ಜನ ಲಸಿಕೆಯನ್ನೇ ಬೈದರು. ಅಡ್ಮಿಷನ್ ದಿನ ಟಿಸಿ, ಮಾರ್ಕ್ಸ್ ಕಾರ್ಡು, ಎಂಟು ಫೋಟೊ ಎಲ್ಲ ಕೇಳಿದವರು ಲಸಿಕೆ ಕಾರ್ಡ್ ಒಂದನ್ನು ಕೇಳಿದ್ದರೆ ಆಗಲೇ ಮುಗಿಯುತ್ತಿತ್ತು. ಇನ್ನು ಜ್ವರ ಇದ್ದವರನ್ನು ಬೇರೆ ರೂಮಿಗೆ ಹಾಕಿದರು ಸರಿ, ಆದರೆ ವಾಟರ್ ಫಿಲ್ಟರ್ ಪಕ್ಕ ಸರಪಳಿ ಕಟ್ಟಿದ ಸ್ಟೀಲ್ ಲೋಟ ಹಾಗೇ ಇತ್ತು. ಇಡೀ ಫ್ಲೋರ್ ಕಚ್ಚಿ ಕುಡಿಯೋದು ಅದೊಂದರಲ್ಲೇ! ಎಂಜಲಿನಿಂದ ಹರಡುವ ಕಾಯಿಲೆ ಸ್ವಾಮಿ ಇದು.

ಎರಡನೇ ಡೋಸ್ ಕನಿಷ್ಠ 28 ದಿನ ಬಿಟ್ಟು. ಅಷ್ಟರಲ್ಲಿ ಎಕ್ಸಾಮ್ ರಜೆ ಬರುತ್ತದೆ, ಹಾಸ್ಟೆಲ್ ಖಾಲಿ. ಕೇಳಿದರೆ ವಾರ್ಡನ್ ಸರ್ "ನೋಡೋಣಪ್ಪ" ಅಂದರು. ನಾನಂತೂ ಊರಲ್ಲೇ ಹಾಕಿಸಿಕೊಳ್ತೀನಿ. ಸಿಸ್ಟರ್ ಕಾರ್ಡಿನಲ್ಲಿ ಬ್ಯಾಚ್ ನಂಬರ್ ಸಮೇತ ಬರೆದುಕೊಟ್ಟಿದ್ದಾರೆ, ಪರ್ಸಿನಲ್ಲೇ ಇದೆ.