ಅವೆನ್ಯೂ ರಸ್ತೆಯಲ್ಲಿ ಸಿಕ್ಕ ಬರ್ಡಾ ಪತ್ರಿಕೆ, ಅದರಿಂದ ಹೊಲಿದ ಎರಡು ಬೇಸಿಗೆ ಬಟ್ಟೆ

ಮೊದಲೇ ಹೇಳಿಬಿಡುತ್ತೇನೆ, ಒಂದು ಡ್ರೆಸ್ಸು, ಒಂದು ಟಾಪು ಹೊಲಿದ ಈ ಪ್ಯಾಟರ್ನ್ ಹಾಳೆ, ಅಂದರೆ ಬಟ್ಟೆಯ ತುಂಡುಗಳ ಗೆರೆ ಅಚ್ಚಾಗಿರುವ ಕಾಗದ, ನನಗೆ ತುಂಬಾ ಇಷ್ಟವಾಗಿದೆ. ಆದರೆ ಅದರಲ್ಲಿ ಇರುವ ಹಾಗೇ ಬಟ್ಟೆ ಕತ್ತರಿಸಿದರೆ ನಮ್ಮಂಥವರಿಗೆ ಕೂರುವುದಿಲ್ಲ. ಹೊಲಿಯುವ ಆಸೆ ಇರುವವರಿಗೆ ಎರಡೂ ಗೊತ್ತಿರಬೇಕು ಅಂತ ಬರೆಯುತ್ತಿದ್ದೇನೆ.

ಫೆಬ್ರವರಿ ಕೊನೆಯಲ್ಲಿ ಮಗಳಿಗೆ ಪುಸ್ತಕ ಹುಡುಕಲು ಬೆಂಗಳೂರಿನ ಅವೆನ್ಯೂ ರಸ್ತೆಗೆ ಹೋಗಿದ್ದೆ. ಫುಟ್‌ಪಾತ್ ಮೇಲೆ ಸಿಇಟಿ ಗೈಡುಗಳ ರಾಶಿ. ಅದರ ಅಡಿಯಿಂದ ಒಂದು ಬಣ್ಣದ ಪತ್ರಿಕೆ ಇಣುಕುತ್ತಿತ್ತು. ಎಳೆದು ನೋಡಿದರೆ ಬರ್ಡಾ, ಜರ್ಮನ್ ಭಾಷೆಯ ಹಳೇ ಸಂಚಿಕೆ. ನಡುವೆ ಮಡಿಸಿಟ್ಟ ಪ್ಯಾಟರ್ನ್ ಹಾಳೆ ಚೂರೂ ಹರಿದಿರಲಿಲ್ಲ. "ತಗೊಳ್ಳಿ ಅಕ್ಕಾ, ಫೋಟೋ ಎಲ್ಲಾ ಚೆನ್ನಾಗಿದೆ, 60 ಕೊಡಿ" ಅಂದರು ಮಾರುವವರು. 50ಕ್ಕೆ ಕೊಟ್ಟರು. ಈ ಊರಲ್ಲಿ ಜರ್ಮನ್ ಕಲಿತು, ಬಟ್ಟೆಯನ್ನೂ ಹೊಲಿಯುತ್ತಿದ್ದ ಯಾರೋ ಒಬ್ಬರು ಇದನ್ನು ಇಷ್ಟು ಜೋಪಾನವಾಗಿ ಇಟ್ಟಿದ್ದರಲ್ಲ ಅಂತ ದಾರಿ ಉದ್ದಕ್ಕೂ ಅನಿಸುತ್ತಿತ್ತು.

ಬರ್ಡಾ ಅಂದರೆ ಗೊತ್ತಿಲ್ಲದವರಿಗೆ: ಜರ್ಮನಿಯ ಆಫನ್‌ಬುರ್ಗ್ ಊರಿನಲ್ಲಿ ಎನ್ನೆ ಬುರ್ಡಾ ಎಂಬ ಹೆಂಗಸು 1950ರಲ್ಲಿ ಶುರು ಮಾಡಿದ ಪತ್ರಿಕೆ. ಯುದ್ಧ ಮುಗಿದು ಐದೇ ವರ್ಷ. ಅಂಗಡಿಯ ಫ್ಯಾಷನ್ ಬಟ್ಟೆ ಕೊಳ್ಳಲು ಆಗದವರು ಮನೆಯಲ್ಲೇ ಹೊಲಿದುಕೊಳ್ಳಲಿ ಅಂತ 1952ರಿಂದ ಪತ್ರಿಕೆಯ ಒಳಗೇ ಪ್ಯಾಟರ್ನ್ ಹಾಳೆ ಇಟ್ಟರು. ಅದೇ ಪದ್ಧತಿಯ ಹಾಳೆ ಈಗ ಹನುಮಂತನಗರದ ನಮ್ಮ ಮನೆಯ ಊಟದ ಮೇಜಿನ ಮೇಲೆ ಹರಡಿಕೊಂಡಿದೆ.

ಹಾಳೆ ಬಿಡಿಸಿದ ಕೂಡಲೇ ಗಾಬರಿಯಾಗುತ್ತದೆ. ಕೆಂಪು, ನೀಲಿ, ಹಸಿರು, ಕಪ್ಪು ಗೆರೆಗಳು ಒಂದರ ಮೇಲೊಂದು ಹೆಣೆದುಕೊಂಡಿರುತ್ತವೆ. ಹತ್ತಾರು ಬಟ್ಟೆಗಳ ತುಂಡುಗಳೆಲ್ಲ ಒಂದೇ ಕಾಗದದಲ್ಲಿ. ದಾರಿ ಹುಡುಕುವುದು ಹೀಗೆ: ಮೊದಲು ನಿಮ್ಮ ಬಟ್ಟೆಯ ಬಣ್ಣ ಯಾವುದು ನೋಡಿಕೊಳ್ಳಬೇಕು. ಹಾಳೆಯ ಅಂಚಿನಲ್ಲಿ ಅದೇ ಬಣ್ಣದಲ್ಲಿ ತುಂಡಿನ ನಂಬರ್ ಇರುತ್ತದೆ. ಅಲ್ಲಿಂದ ಬೆರಳಿಟ್ಟು ನೇರವಾಗಿ ಒಳಗೆ ಹೋದರೆ ಅದೇ ನಂಬರ್ ಮತ್ತೆ ಸಿಗುತ್ತದೆ. ಅದೇ ನಿಮ್ಮ ತುಂಡು. ಸೈಜಿಗೆ ಒಂದೊಂದು ಥರ ಗೆರೆ. ಒಂದಕ್ಕೆ ಚುಕ್ಕಿ, ಒಂದಕ್ಕೆ ಉದ್ದ ಗೀಟು. ಹತ್ತು ನಿಮಿಷ ನೋಡಿದರೆ ಕಣ್ಣು ಪಳಗುತ್ತದೆ. ಬಟರ್ ಪೇಪರ್ ಮೇಲಿಟ್ಟು ನಿಧಾನವಾಗಿ ತಿದ್ದಬೇಕು. ನಾನು ಸುಲ್ತಾನ್‌ಪೇಟೆಯ ಕಾಗದದ ಅಂಗಡಿಯಿಂದ ದೊಡ್ಡ ಹಾಳೆಗಳನ್ನೇ ತಂದೆ. ಚಿಕ್ಕವು ತಂದು ಅಂಟಿಸುತ್ತಾ ಕೂತರೆ ಗೆರೆ ಜರುಗುತ್ತದೆ.

ಭಾಷೆ ಅಡ್ಡ ಬರಲಿಲ್ಲವಾ ಅಂತ ನಾದಿನಿ ಕೇಳಿದಳು. ನಿಜ ಹೇಳಬೇಕೆಂದರೆ ಮೂರು ಮಾತು ಸಾಕಾಯಿತು. ಉದ್ದ ಬಾಣದ ಪಕ್ಕದಲ್ಲಿ ಫಾಡನ್‌ಲೌಫ್ ಅಂತಿದ್ದರೆ ಬಟ್ಟೆಯ ಎಳೆ ಆ ಕಡೆ ಹೋಗಬೇಕು ಅಂತ. ಷ್ಟೋಫ್‌ಬ್ರುಖ್ ಅಂತಿದ್ದರೆ ಅಲ್ಲಿ ಬಟ್ಟೆ ಮಡಿಸಿಡಬೇಕು, ಕತ್ತರಿಸಬಾರದು. ನಾಟ್‌ಸುಗಾಬೆ ಅಂದರೆ ಮಾರ್ಜಿನ್, ಹೊಲಿಗೆಯ ಆಚೆಗೆ ಬಿಡುವ ಬಟ್ಟೆ. ಮಗಳು ಫೋನ್ ಕ್ಯಾಮೆರಾ ಹಿಡಿದು ಓದಿ ಹೇಳಿದಳು, ನಾನು ಪೆನ್ಸಿಲಲ್ಲಿ ಕನ್ನಡದಲ್ಲಿ ಬರೆದಿಟ್ಟುಕೊಂಡೆ. ಉಳಿದದ್ದನ್ನು ಗೆರೆಯೇ ಹೇಳುತ್ತದೆ. ಕಂಕುಳ ಸುತ್ತು ಕಂಕುಳ ಸುತ್ತೇ, ಯಾವ ದೇಶದ್ದಾದರೇನು.

ಈ ಮಾರ್ಜಿನ್ ವಿಷಯ ಮಾತ್ರ ಗಟ್ಟಿಯಾಗಿ ನೆನಪಿಡಿ. ಬರ್ಡಾ ಪತ್ರಿಕೆಯ ಗೆರೆ ಹೊಲಿಗೆ ಬೀಳುವ ಗೆರೆ, ಕತ್ತರಿಸುವ ಗೆರೆ ಅಲ್ಲ. ಸುತ್ತಲೂ 1.5 ಸೆಂ.ಮೀ., ಕೆಳಗಿನ ಅಂಚಿಗೆ 4 ಸೆಂ.ಮೀ. ನಾವೇ ಸೇರಿಸಬೇಕು. ನಾನು ಮೊದಲ ಸಲ ಮರೆತೆ. ಮುಂದೆ ಎರಡು ಪಕ್ಕ, ಹಿಂದೆ ಎರಡು ಪಕ್ಕ, ಒಟ್ಟು 6 ಸೆಂ.ಮೀ. ಸುತ್ತಳತೆ ಹೋಯಿತು. ಪುಣ್ಯಕ್ಕೆ ಅದು ಯಜಮಾನರ ಹಳೇ ಪಂಚೆಯಲ್ಲಿ ಮಾಡಿದ ಟ್ರಯಲ್. ಒಳ್ಳೇ ಬಟ್ಟೆಗೆ ಕತ್ತರಿ ಹಾಕುವ ಮೊದಲು ಹಳೇ ಪಂಚೆಯಲ್ಲೋ ಬೆಡ್‌ಶೀಟಿನಲ್ಲೋ ಒಮ್ಮೆ ಕಚ್ಚಾ ಹೊಲಿಗೆ ಹಾಕಿ ತೊಟ್ಟು ನೋಡಿ. ಇದನ್ನು ನಾನು ಬೇಡಿಕೊಂಡು ಹೇಳುತ್ತಿದ್ದೇನೆ.

ಸೈಜು ಆರಿಸುವಾಗ ಅಂಗಡಿಯ ಎಂ, ಎಲ್ ಎಲ್ಲ ಮರೆತುಬಿಡಿ. ಬರ್ಡಾದಲ್ಲಿ ಎದೆ ಸುತ್ತಳತೆ 88 ಸೆಂ.ಮೀ. ಇದ್ದರೆ ಸೈಜ್ 38, 92 ಇದ್ದರೆ 40, 96 ಇದ್ದರೆ 42. ನನ್ನ ಎದೆ 92. ಹಿಪ್ ಹತ್ತಿರ ಮಾತ್ರ 42 ಬೇಕು. ಹಾಗಾಗಿ ಸೊಂಟದವರೆಗೆ 40ರ ಗೆರೆ, ಅಲ್ಲಿಂದ ಸ್ಕೇಲಿಟ್ಟು ನಿಧಾನವಾಗಿ 42ಕ್ಕೆ ಜಾರಿಸಿದೆ. ಎರಡು ಸೈಜ್ ಬೆರೆಸಿ ಒಂದು ಬಟ್ಟೆ. ರೆಡಿಮೇಡಿನಲ್ಲಿ ಇದು ಹೇಗೆ ಸಾಧ್ಯ ಹೇಳಿ? ಎದೆಗೆ ಸರಿಹೋದದ್ದು ಹಿಪ್ಪಿಗೆ ಬಿಗಿ, ಹಿಪ್ಪಿಗೆ ಸರಿಹೋದದ್ದು ಭುಜದಿಂದ ಜಾರುತ್ತದೆ.

ಇನ್ನು ಉದ್ದ. ಇಲ್ಲೇ ನಮಗೂ ಹಾಳೆಗೂ ವ್ಯತ್ಯಾಸ ಜಾಸ್ತಿ. ಬರ್ಡಾದ ಮಾಮೂಲಿ ಸೈಜುಗಳನ್ನು 168 ಸೆಂ.ಮೀ. ಎತ್ತರದ ಹೆಂಗಸಿಗೆ ಬರೆದಿರುತ್ತಾರೆ. ನಾನು 154. ಟ್ರಯಲ್ ಬಟ್ಟೆ ತೊಟ್ಟು ಕನ್ನಡಿ ಮುಂದೆ ನಿಂತರೆ ಎದೆಯ ಟಕ್ಸ್, ಅಂದರೆ ಮೈ ಆಕಾರಕ್ಕೆ ಬರಲಿ ಅಂತ ಮಡಿಸಿ ಹಾಕುವ ಹೊಲಿಗೆ, ಕೆಳಗೆ ಇಳಿದಿತ್ತು. ಸೊಂಟದ ತಿರುವು ಹಿಪ್ ಮೇಲೆ ಕೂತಿತ್ತು. ಡ್ರೆಸ್ ಕೆಳಗೆ ಮಡಿಸಿದರೆ ಸರಿಹೋಗುತ್ತೆ ಅಂತ ಅಂದುಕೊಳ್ಳಬೇಡಿ. ಕುಳ್ಳಗಿರುವವರು ಕಾಲಿನಲ್ಲಷ್ಟೇ ಕುಳ್ಳಗಿರುವುದಿಲ್ಲ, ಬೆನ್ನಿನಲ್ಲೂ ಕುಳ್ಳಗಿರುತ್ತೇವೆ. ನಾನು ಬಟರ್ ಪೇಪರನ್ನು ಕಂಕುಳ ನಡುವೆ ಅಡ್ಡಕ್ಕೆ 1 ಸೆಂ.ಮೀ. ಮಡಿಸಿದೆ, ಎದೆಗೂ ಸೊಂಟಕ್ಕೂ ನಡುವೆ 2.5 ಸೆಂ.ಮೀ. ಮಡಿಸಿದೆ. ಮುಂದಿನ ತುಂಡಿಗೆ ಎಷ್ಟೋ ಹಿಂದಿನ ತುಂಡಿಗೂ ಅಷ್ಟೇ. ಮಡಿಸಿದ ಜಾಗದಲ್ಲಿ ಪಕ್ಕದ ಗೆರೆ ಮುರಿದ ಹಾಗಾಗುತ್ತದೆ, ಅದನ್ನು ಮತ್ತೆ ಸ್ಕೇಲಿಟ್ಟು ಕೂಡಿಸಬೇಕು. ಉಳಿದ ಉದ್ದವನ್ನು ಹಿಪ್ ಕೆಳಗೆ ತೆಗೆದೆ. ಎರಡನೇ ಟ್ರಯಲ್‌ನಲ್ಲಿ ಟಕ್ಸ್ ತಾನಿರಬೇಕಾದ ಜಾಗಕ್ಕೆ ಬಂತು. ಇಷ್ಟು ವರ್ಷ ಟಾಪುಗಳು ಹೊಟ್ಟೆ ಹತ್ತಿರ ಯಾಕೆ ಸುಕ್ಕು ಬೀಳುತ್ತಿದ್ದವು ಅನ್ನೋದು ಅವತ್ತು ನನಗೆ ಗೊತ್ತಾಯಿತು.

ಬಟ್ಟೆಗೆ ಚಿಕ್ಕಪೇಟೆಯೇ. ನ್ಯಾಷನಲ್ ಕಾಲೇಜು ಸ್ಟೇಷನ್ನಿನಿಂದ ಮೆಟ್ರೊದಲ್ಲಿ ಎರಡನೇ ಸ್ಟಾಪು. ಬೆಳಗ್ಗೆ 11ಕ್ಕೇ ಹೋದರೆ ಥಾನು ಬಿಚ್ಚಿ ತೋರಿಸಲು ಅವರಿಗೂ ಪುರುಸೊತ್ತು ಇರುತ್ತದೆ. ಕ್ಯಾಂಬ್ರಿಕ್ ಕಾಟನ್, 44 ಇಂಚು ಪನ್ನ (ಅಗಲ), ಮೀಟರಿಗೆ 160 ಕೊಟ್ಟೆ. ಡ್ರೆಸ್‌ಗೆ ಎರಡೂಕಾಲು ಮೀಟರ್, ಅಂದರೆ 360 ರೂಪಾಯಿ. ಟಾಪಿಗೆ ಒಂದೂವರೆ ಮೀಟರ್. ಮಲ್ ಬಟ್ಟೆಯೂ ಇತ್ತು, ಕೈಗೆ ಬೆಣ್ಣೆ ಹಾಗೆ. ಆದರೆ ಒಳಗೆ ಲೈನಿಂಗ್ ಬೇಕಾಗುತ್ತದೆ. ಬೇಸಿಗೆಗೆ ಎರಡು ಪದರ ಯಾಕೆ ಅಂತ ಬಿಟ್ಟೆ. ಬೆಳಕಿಗೆ ಹಿಡಿದು, ಕೆಳಗೆ ಕೈಯಿಟ್ಟು ನೋಡಿ. ಬೆರಳು ಎಣಿಸುವಷ್ಟು ಕಂಡರೆ ಲೈನಿಂಗ್ ಇಲ್ಲದೆ ಆಗುವುದಿಲ್ಲ. ಮನೆಗೆ ತಂದ ಮೇಲೆ ರಾತ್ರಿಯಿಡೀ ನೀರಲ್ಲಿ ನೆನೆಸಿ, ನೆರಳಲ್ಲಿ ಒಣಗಿಸಿ, ಇಸ್ತ್ರಿ ಮಾಡಿ, ಆಮೇಲೇ ಕತ್ತರಿಸಿದೆ. ಕಾಟನ್ ಬಟ್ಟೆ ಮೊದಲ ನೀರಿಗೇ ಕುಗ್ಗುತ್ತದೆ. ಹೊಲಿದ ಮೇಲೆ ಕುಗ್ಗಿದರೆ ಅಳತೆ ತೆಗೆದದ್ದೆಲ್ಲ ದಂಡ.

ಹೊಲಿಗೆ ಅಮ್ಮನ ಕಾಲದ ಉಷಾ ಮಷೀನಿನಲ್ಲಿ, ಕಾಲಲ್ಲಿ ತುಳಿಯುವಂಥದ್ದು. ತೆಳು ಬಟ್ಟೆಗೆ 11ನೇ ನಂಬರ್ ಸೂಜಿ ಹಾಕಿದೆ. ಭುಜ, ಪಕ್ಕ, ಟಕ್ಸ್ ಎಲ್ಲಾ ಒಂದು ಮಧ್ಯಾಹ್ನದಲ್ಲಿ ಮುಗಿಯಿತು. ಹೊತ್ತು ತಗೊಂಡಿದ್ದು ಕುತ್ತಿಗೆ. ಕುತ್ತಿಗೆಗೂ ಕಂಕುಳಿಗೂ ಕ್ರಾಸ್ ಪಟ್ಟಿ ಹಾಕಿದೆ. ಬಟ್ಟೆಯನ್ನು ಮೂಲೆಗೆ ಮಡಿಸಿ, ಓರೆಯಾಗಿ 3 ಸೆಂ.ಮೀ. ಅಗಲದ ಪಟ್ಟಿ ಕತ್ತರಿಸಬೇಕು. ಓರೆಯಾಗಿ ಕತ್ತರಿಸಿದ ಬಟ್ಟೆ ಎಳೆದರೆ ಹಿಗ್ಗುತ್ತದೆ, ಅದಕ್ಕೇ ದುಂಡಗಿನ ಜಾಗದಲ್ಲಿ ಸುಕ್ಕಿಲ್ಲದೆ ತಿರುಗುತ್ತದೆ. ನೇರ ಪಟ್ಟಿ ಹಾಕಿದರೆ ಕುತ್ತಿಗೆ ಎದ್ದು ನಿಲ್ಲುತ್ತದೆ. ಹೊಲಿಯುವಾಗ ಪಟ್ಟಿಯನ್ನು ಕೂದಲೆಳೆಯಷ್ಟು ಮಾತ್ರ ಎಳೆದು ಹಿಡಿಯಬೇಕು, ಬಟ್ಟೆಯನ್ನು ಎಳೆಯಲೇಬಾರದು. ಹೊಲಿದ ಮೇಲೆ ಮಾರ್ಜಿನ್‌ಗೆ ಬೆರಳಗಲಕ್ಕೊಂದು ಸಣ್ಣ ಕತ್ತರಿ ಗುರುತು, ಹೊಲಿಗೆಗೆ ತಾಗದ ಹಾಗೆ. ಆಮೇಲೆ ಪಟ್ಟಿಯನ್ನು ಒಳಗೆ ತಿರುಗಿಸಿ ಇಸ್ತ್ರಿ ಒತ್ತಿದಾಗ ಕುತ್ತಿಗೆ ಗೆರೆ ಬಟ್ಟಲಿನ ಅಂಚಿನ ಹಾಗೆ ಬಂತು. ನಾನು ಅದನ್ನು ಕಿಟಕಿ ಹತ್ತಿರ ಹಿಡಿದುಕೊಂಡು ಸುಮ್ನೆ ನೋಡುತ್ತಾ ನಿಂತಿದ್ದೆ.

ಇದಕ್ಕೆ ಮೊದಲು, ಹೋದ ವರ್ಷ, ದುಡ್ಡು ಕೊಟ್ಟು ಒಂದು ಪ್ಯಾಟರ್ನನ್ನು ಆನ್‌ಲೈನಿನಲ್ಲಿ ಇಳಿಸಿಕೊಂಡಿದ್ದೆ. ಎ4 ಹಾಳೆಗಳಲ್ಲಿ ಪ್ರಿಂಟ್ ತೆಗೆದು ಅಂಟಿಸಬೇಕು. ಜೆರಾಕ್ಸ್ ಅಂಗಡಿಯಲ್ಲಿ ಪುಟಕ್ಕೆ ಹೊಂದಿಸಿ ಪ್ರಿಂಟ್ ಹೊಡೆದಿದ್ದರು. ಅಳತೆ ನೋಡಲು ಕೊಟ್ಟಿರುವ 10 ಸೆಂ.ಮೀ. ಚೌಕ 9.6 ಬಂದಿತ್ತು. ನಾನು ಅಳೆದು ನೋಡಲೇ ಇಲ್ಲ. ಮೀಟರ್ ಸುತ್ತಳತೆಗೆ 4 ಸೆಂ.ಮೀ. ಕಡಿಮೆ ಅಂದರೆ ಹೊಲಿದ ಟಾಪು ಯಾರಿಗಾಗುತ್ತದೆ? ಇಳಿಸಿಕೊಂಡ ಪ್ಯಾಟರ್ನ್ ಬಳಸುವವರು ಮೊದಲ ಹಾಳೆ ಬಂದ ಕೂಡಲೇ ಆ ಚೌಕಕ್ಕೆ ಸ್ಕೇಲ್ ಇಡಿ. ಪತ್ರಿಕೆಯ ಹಾಳೆಯಲ್ಲಿ ಈ ತಲೆನೋವಿಲ್ಲ. ಅದರ ಬದಲು ಗೆರೆ ತಿದ್ದುವ ಕೆಲಸ ಇದೆ, ನನಗೆ ಅದೇ ಹಿತ.

ಡ್ರೆಸ್‌ಗೆ ಪಕ್ಕದ ಹೊಲಿಗೆಯಲ್ಲಿ ಎರಡು ಜೇಬು ಇಟ್ಟಿದ್ದೇನೆ. ಹಾಳೆಯಲ್ಲಿ ಇರಲಿಲ್ಲ, ನನ್ನ ಕೈ ಅಳತೆಗೆ ನಾನೇ ಬರೆದುಕೊಂಡೆ. ಫೋನು, ಮೆಟ್ರೊ ಕಾರ್ಡು, ಕರವಸ್ತ್ರ, ಮೂರೂ ಹಿಡಿಸುತ್ತವೆ. ಏಪ್ರಿಲ್ ಮಧ್ಯಾಹ್ನ ಗಾಂಧಿ ಬಜಾರಿಗೆ ತರಕಾರಿಗೆ ಹೋಗಿ ಬಂದೆ. ಬೆನ್ನಿಗೆ ಎಲ್ಲೂ ಅಂಟಲಿಲ್ಲ, ಚೀಲ ಎತ್ತಿದರೆ ಕಂಕುಳಲ್ಲಿ ಎಳೆಯಲಿಲ್ಲ. ಹೂವಿನ ಅಂಗಡಿಯವರು "ಎಲ್ಲಿ ತಗೊಂಡ್ರಿ ಅಕ್ಕಾ" ಅಂತ ಕೇಳಿದರು. ನಾನೇ ಹೊಲಿದದ್ದು ಅಂದಾಗ ಕೈ ಒರೆಸಿಕೊಂಡು ಬಂದು ಕುತ್ತಿಗೆಯ ಅಂಚು ಮುಟ್ಟಿ ನೋಡಿದರು.

ಯಾರು ತಗೋಬಹುದು? ಮಷೀನ್ ತುಳಿದು ಗೊತ್ತಿರುವವರು, ದಿಂಬಿನ ಕವರ್, ಲಂಗ ಇಷ್ಟಾದರೂ ಹೊಲಿದವರು ಧೈರ್ಯವಾಗಿ ಶುರು ಮಾಡಬಹುದು. ಈಗಷ್ಟೇ ಸೂಜಿಗೆ ದಾರ ಪೋಣಿಸಲು ಕಲಿಯುತ್ತಿರುವವರಿಗೆ ಈ ಹಾಳೆ ಬೇಡ. ಹೊಲಿಯುವ ವಿಧಾನವನ್ನು ಪತ್ರಿಕೆಯಲ್ಲಿ ಕೆಲವೇ ಸಾಲಿನಲ್ಲಿ ಹೇಳಿರುತ್ತಾರೆ, ಚಿತ್ರ ಕಡಿಮೆ. ಅಂಥವರು ಹೆಜ್ಜೆ ಹೆಜ್ಜೆಗೂ ಚಿತ್ರ ಇರುವ ಒಂದೇ ಟಾಪಿನ ಪ್ಯಾಟರ್ನ್ ತಗೊಳ್ಳಲಿ. ಹಳೇ ಪತ್ರಿಕೆ ಕೊಳ್ಳುವಾಗ ನಡುವಿನ ಹಾಳೆ ಇದೆಯಾ ಅಂತ ಬಿಚ್ಚಿ ನೋಡಿಯೇ ದುಡ್ಡು ಕೊಡಿ. ಮುಖ್ಯವಾಗಿ, ಮೂಲ ಹಾಳೆಗೆ ಯಾವತ್ತೂ ಕತ್ತರಿ ಹಾಕಬೇಡಿ. ಒಂದು ಬಟ್ಟೆಗೆ ಕತ್ತರಿಸಿದರೆ ಹಿಂದಿನ, ಮೇಲಿನ ಎಲ್ಲಾ ಬಟ್ಟೆಗಳ ಗೆರೆ ಹೋಗುತ್ತದೆ.

ನಾದಿನಿಗೆ ಅದೇ ಟಾಪು 44ರಲ್ಲಿ ತಿದ್ದಿಟ್ಟಿದ್ದೇನೆ. ಅವಳು ನನಗಿಂತ ಎತ್ತರ, ಮಡಿಕೆ ಬೇಕಾಗಲಿಲ್ಲ. ಬಣ್ಣ ಆರಿಸಲು ಶನಿವಾರ ಇಬ್ಬರೂ ಚಿಕ್ಕಪೇಟೆಗೆ ಹೋಗುತ್ತಿದ್ದೇವೆ.